ಕೆರ್ಬೆನ್ ತಂಡದ ಮೊದಲ ದನಿ

ಯಾರೋ ಬಾಗಿಲು ತಟ್ಟುತ್ತಿದ್ದರು. ಕರೆಗಂಟೆ ಇದ್ದರೂ ಬೆರಳ ಗೆಣ್ಣಿನಿಂದ, ಮೆಲ್ಲಗೆ, ಬಿಡದೆ.

ಜಿಪಾರ್ ಬಾಗಿಲು ತೆರೆದಳು. ಕತ್ತಲೆಯ ಮೆಟ್ಟಿಲ ಮೇಲೆ ಬಿಳಿ ತಲೆವಸ್ತ್ರದ ಮುದುಕಿಯೊಬ್ಬಳು ನಿಂತಿದ್ದಳು.

"ನಿನ್ನೆ ರೇಡಿಯೊದಲ್ಲಿ ಮಾತಾಡಿದವರ ಮನೆ ಇದೇ ಏನಮ್ಮಾ?"

ಒಳಗೆ ಬಂದವಳು ಕೋಟು ಬಿಚ್ಚಲಿಲ್ಲ. ಮೇಜಿನ ಮುಂದೆ ಕುಳಿತಿದ್ದ ತಿಲೆಕ್‌ನನ್ನು ನೋಡಿ ನೇರವಾಗಿ ಹೇಳಿದಳು: "ಕುಬಾತ್‌ನ ಹೆಸರು ಹಾಕಬೇಡ, ಮಗಾ. ಅಳಿಸಿದ್ದು ಅವನಲ್ಲ."

ತಿಲೆಕ್‌ನ ಬೆರಳುಗಳು ಕೀಲಿಮಣೆಯ ಮೇಲೆಯೇ ನಿಂತವು.

ಕೆರ್ಬೆನ್ ತಂಡದ ಅಭ್ಯಾಸವೇ ವಿಚಿತ್ರ. ಮುಖ್ಯ ಗಾಯಕ ಬದಲಾದಾಗಲೆಲ್ಲ ತನ್ನ ಹಳೆಯ ಹಾಡುಗಳನ್ನೆಲ್ಲ ಹೊಸಬನಿಂದ ಮತ್ತೆ ಹಾಡಿಸಿ ಮುದ್ರಿಸುತ್ತಿತ್ತು. ಮೊದಲು ಮೆದೆರ್, ಆಮೇಲೆ ಕುಬಾತ್, ಕೊನೆಗೆ ಎರ್ನಿಸ್. ಒಂದೇ ಹಾಡಿಗೆ ಮೂರು ದನಿ. ಯಾವುದು ಯಾವ ವರ್ಷದ್ದು, ಯಾರು ಎಷ್ಟು ಶ್ರುತಿ ಇಳಿಸಿದರು ಎಂಬುದನ್ನೆಲ್ಲ ತಿಲೆಕ್ ವರ್ಷಗಟ್ಟಲೆ ಕೂಡಿಸಿ ಸೂಚಿಯೊಂದನ್ನು ಸಿದ್ಧಪಡಿಸಿದ್ದ. ಅದರಲ್ಲಿ ಮೆದೆರ್‌ನ ಸಾಲು ಮಾತ್ರ ಹೆಚ್ಚುಕಡಿಮೆ ಖಾಲಿ.

ಆ ಧ್ವನಿಮುದ್ರಣಗಳು ರೇಡಿಯೊ ಕಟ್ಟಡದಲ್ಲಷ್ಟೇ ಇದ್ದವು. ಮೆದೆರ್ ಜಗಳವಾಡಿ ತಂಡ ಬಿಟ್ಟ ಮೇಲೆ ಕುಬಾತ್ ಬಂದ. ಹಾಡುಗಳೆಲ್ಲ ಮತ್ತೆ ಮುದ್ರಣವಾದವು. ಅದಾದ ಕೆಲವೇ ದಿನಗಳಲ್ಲಿ ಮೆದೆರ್‌ನ ಟೇಪುಗಳನ್ನು ಯಾರೋ ಅಳಿಸಿಹಾಕಿದ್ದರು. ಉಳಿದದ್ದು ಒಂದು ಲಾಲಿ ಹಾಡು ಮಾತ್ರ. ಅದರಲ್ಲಿ ಮೆದೆರ್ ಕುಬಾತ್‌ನನ್ನು ಎಷ್ಟೋ ಮೀರಿಸಿದ್ದ. ಅಳಿದವೂ ಹಾಗೆಯೇ ಇದ್ದವೆಂದು ಬಿಷ್ಕೆಕ್ ಪೂರ್ತಿ ನಂಬಿತು. ಹೊಟ್ಟೆಕಿಚ್ಚಿನ ಕುಬಾತ್ ತನ್ನನ್ನು ಸೋಲಿಸಿದ ಆ ಒಂದನ್ನೇ ಏಕೆ ಉಳಿಸಿದ? ಅವಸರದಲ್ಲಿ ಬಿಟ್ಟುಹೋಗಿರಬೇಕೆಂದು ತಿಲೆಕ್ ಮುಂದೆ ಸಾಗಿದ್ದ.

ಸಾಕ್ಷಿ ಇರಲಿಲ್ಲ. ಆದರೂ ಆಮೇಲೆ ಕುಬಾತ್‌ನನ್ನು ಯಾರೂ ಮದುವೆ ಔತಣಕ್ಕೆ ಹಾಡಲು ಕರೆಯಲಿಲ್ಲ. ಅವನು ತೊಕ್ಮೊಕ್‌ಗೆ ಹೋಗಿ ಒಲೆ ರಿಪೇರಿ ಮಾಡಿಕೊಂಡು ಮುದುಕನಾದ. ಮೆದೆರ್ ದಂತಕಥೆಯಾಗಿ ತೀರಿಕೊಂಡ. ಸೂಚಿಯನ್ನು ತಿಲೆಕ್ ಅವನಿಗೇ ಅರ್ಪಿಸಿದ್ದ. 'ಅಳಿಸಿದವನು ಕುಬಾತ್' ಎಂಬ ಸಾಲಿನೊಡನೆ ಅದು ಮರುದಿನ ಅಚ್ಚಿಗೆ ಹೋಗಬೇಕಿತ್ತು.

"ನೀವು ಬುರುಲ್ ಎಜೆ ಅಲ್ವಾ?" ಎಂದ ತಿಲೆಕ್, ಅಕ್ಕ ಎನ್ನುವ ಗೌರವ ಸೇರಿಸಿ. "ಟೇಪು ಕೋಣೆ ನೋಡ್ಕೊಳ್ತಿದ್ದವರು. ಮೆದೆರ್ ಅವರ ತಮ್ಮನ ಹೆಂಡತಿ."

"ಹೌದು."

"ನಿಮ್ಮ ಮನೆಯವರ ಹಾಡನ್ನೇ ಅಳಿಸಿದವನ ಪರ ವಕಾಲತ್ತಿಗೆ ಬಂದಿದೀರಲ್ಲ."

"ಬೀಗದ ಕೈ ನನ್ನ ಹತ್ರ ಇತ್ತು. ಕೇಳಿದ್ರು, ಕೊಟ್ಟೆ."

"ಯಾರು ಕೇಳಿದ್ದು?"

ಬುರುಲ್ ನೆಲ ನೋಡಿದಳು. ಜಿಪಾರ್ ಚಹಾ ಬಗ್ಗಿಸಿ ರೊಟ್ಟಿಯ ತಟ್ಟೆಯನ್ನು ಮುಂದಕ್ಕೆ ಸರಿಸಿದಳು. ತುಂಡು ಮುರಿಯಲು ಚಾಚಿದ ಕೈಯನ್ನು ಮುದುಕಿ ಹಿಂದಕ್ಕೆ ಎಳೆದುಕೊಂಡಳು. ಆ ಮನೆಯ ರೊಟ್ಟಿ ತಿನ್ನುವ ಯೋಗ್ಯತೆ ತನಗಿಲ್ಲವೆಂಬಂತೆ.

"ವಿಚಾರಣೆಯಲ್ಲೂ ಹೀಗೇ ಸುಮ್ಮನಿದ್ರಂತೆ."

"ಇದ್ದೆ. ಕೆಲಸದಿಂದ ತೆಗೆದ್ರು. ನಂದು ಅಲ್ಲಿಗೆ ಮುಗೀತು. ಅವನದು ಬದುಕೇ ಹೋಯ್ತು." ಆಕೆಯ ದನಿ ತಗ್ಗಿತು. "ಮೊನ್ನೆ ತೊಕ್ಮೊಕ್ ಸಂತೆಯಲ್ಲಿ ಸಿಕ್ಕಿದ್ದ. ಮಂಡಿನೋವು ಹೇಗಿದೆ ಅಂತ ಕೇಳ್ದ. ಬೈದಿದ್ರೆ ತಡ್ಕೋತಿದ್ದೆ."

"ಕುಬಾತ್‌ನ ಮೇಲೆ ನಿಮಗೆ ಮನಸ್ಸಿತ್ತು ಅಂತ ಆಗ ಜನ ಆಡ್ಕೊಳ್ತಿದ್ರು."

"ರೀ," ಎಂದಳು ಜಿಪಾರ್.

"ಇರಲಿ ಬಿಡಮ್ಮ. ಹಲ್ಲಿದ್ದಾಗ ಎದುರಿಗೆ ಹೇಳಿದ್ರೆ ಜಂಬವಾದ್ರೂ ಪಡ್ತಿದ್ದೆ." ಬುರುಲ್ ನಗಲಿಲ್ಲ. "ಒಂದು ಕೆಲಸ ಮಾಡು, ಮಗಾ. ನನ್ನ ಹೆಸರು ಹಾಕು. ಬುರುಲ್ ಅಳಿಸಿದಳು ಅಂತ ಬರಿ."

"ನೀವು ಅಳಿಸಿದ್ರಾ?"

"ಇಲ್ಲ."

"ಮತ್ತೆ ಸುಳ್ಳು ಅಚ್ಚು ಹಾಕಿಸ್ಲಾ?"

"ಈಗ ಹಾಕಿಸ್ತಿರೋದು ಏನು?"

ತಿಲೆಕ್‌ನ ಮುಖ ಬಿಸಿಯಾಯಿತು. ಎಷ್ಟೋ ಜನರನ್ನು ಕಂಡು ಕೇಳಿ ಬಂದಿದ್ದ ಅವನು ತೊಕ್ಮೊಕ್‌ಗೆ ಒಮ್ಮೆಯೂ ಹೋಗಿರಲಿಲ್ಲ.

"ಹೆಸರು ಹೇಳಿ, ಎಜೆ," ಎಂದ ಗಡುಸಾಗಿ. "ಇಲ್ಲಾಂದ್ರೆ ಇದು ಇದ್ದ ಹಾಗೇ ಹೋಗತ್ತೆ."

ಮುದುಕಿಯ ತುಟಿ ಅಲುಗಿತು. ಅವಳನ್ನೇ ನೋಡುತ್ತಿದ್ದ ಜಿಪಾರ್ ಚಹಾದ ಬಟ್ಟಲನ್ನು ಕೆಳಗಿಟ್ಟಳು. ಜಿಪಾರ್ ನರಿನ್ ಬೆಟ್ಟದ ಹಳ್ಳಿಯವಳು. ಗಂಡ ಪೇಟೆಯಲ್ಲೇ ಬೆಳೆದವನು.

"ಬಾಯಲ್ಲಿ ತರಬಾರದ ಹೆಸರಾ, ಎಜೆ? ಗಂಡನ ಮನೆ ಕಡೆಯದಾ?"

ಬುರುಲ್ ಹೌದೆಂದು ತಲೆಯಾಡಿಸಿದಳು. ಮನೆಗೆ ಬಂದ ಸೊಸೆ ಗಂಡನ ಕಡೆಯ ಹಿರಿಯರ ಹೆಸರು ಹಿಡಿಯಬಾರದು. ಅವರು ಕೇಳಿದ್ದಕ್ಕೆ ಇಲ್ಲವೆನ್ನಲೂಬಾರದು. ಇದನ್ನು ತಿಲೆಕ್ ಕೇಳಿ ಬಲ್ಲ. ಆದರೂ ಆಗ ವಿಚಾರಣೆ ಮಾಡಿದ ಪೇಟೆಯ ಅಧಿಕಾರಿಗಳಂತೆ ಅವನಿಗೂ ಅದು ಹೊಳೆದಿರಲಿಲ್ಲ.

"ಹಾಗಾದ್ರೆ ನಿಮ್ಮ ಯಜಮಾನರಾ?" ಎಂದ ತಿಲೆಕ್.

"ಆ ಹೆಸರು ದಿನಾ ಕೂಗ್ತಿದ್ದೆ. ಒಂದು ಸಲಾನೂ ಓಗೊಡ್ತಿರಲಿಲ್ಲ ಪುಣ್ಯಾತ್ಮ." ಆಕೆ ಉಸಿರೆಳೆದುಕೊಂಡಳು. "ಬೀಗದ ಕೈ ಇಸ್ಕೊಂಡವರು ಬೆಳಿಗ್ಗೆ ವಾಪಸ್ ಕೊಡುವಾಗ ಅವರ ಕಣ್ಣು ಕೆಂಪಾಗಿತ್ತು. ಹಳೇದು, ಹೊಸದು, ಎಲ್ಲಾನೂ ಒಂದರ ಹಿಂದೊಂದು ಹಾಕಿ ಕೇಳಿದ್ರಂತೆ. 'ಒಂದು ಬಿಟ್ಟು ಎಲ್ಲದರಲ್ಲೂ ಆ ಹುಡುಗನೇ ಚೆನ್ನಾಗಿ ಹಾಡಿದಾನೆ' ಅಂದ್ರು. ಇನ್ನೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ."

ಬುರುಲ್ ಎದ್ದು ನಿಂತಳು. ತಲೆವಸ್ತ್ರ ಸರಿಪಡಿಸಿಕೊಂಡಳು. ಹೊಸ ಸೊಸೆ ಹಿರಿಯರ ಮುಂದೆ ಬಾಗುವಂತೆ ಯಾರೂ ಇಲ್ಲದ ಕಡೆಗೆ ತಿರುಗಿ, ಕೈಗಳನ್ನು ಮಡಚಿ, ನಿಧಾನವಾಗಿ ಬಾಗಿದಳು. ಕ್ಷಮೆ ಕೇಳಿದ್ದು ಯಾರನ್ನೆಂದು ತಿಲೆಕ್‌ಗೆ ತಿಳಿಯುವ ಮೊದಲೇ, ಮದುವೆಯಾದಂದಿನಿಂದ ನಾಲಗೆಗೆ ತಾರದ ಆ ಹೆಸರನ್ನು ಆಕೆ ಹೇಳಿಬಿಟ್ಟಳು.

"ಮೆದೆರ್."