ಹತ್ತು ತೊಲಿ

ತನ್ನ ತಾಯಿ ಬಸವ್ವ ಕಿವುಡಿಯಂತೆ ನಟಿಸುತ್ತಿದ್ದಾಳೆ ಎಂದು ದಾನಪ್ಪ ತೀರ್ಮಾನಿಸಿದ್ದು ಆಸ್ಪತ್ರೆಯಲ್ಲಿ, ಮಗಳು ಶ್ರಾವಣಿಯ ಮುರಿದ ಕೈಗೆ ಪಟ್ಟಿ ಹಾಕುತ್ತಿದ್ದಾಗ.

ಆ ಬೆಳಿಗ್ಗೆ ಅಮೆರಿಕದ ಮಾರಿಸ್‌ವಿಲ್ ದೇವಸ್ಥಾನದ ಅಡುಗೆಮನೆಯಲ್ಲಿ ಬಸವ್ವ ಪ್ರಸಾದದ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಳು. ಗೋಡೆಯ ಫ್ಯಾನು ಭೋರ್ಗರೆಯುತ್ತಿತ್ತು. ಅವಳ ಬೆನ್ನ ಹಿಂದೆಯೇ ಮೊಮ್ಮಗಳು ಸ್ಟೂಲಿನಿಂದ ಬಿದ್ದು, ಉರುಳಿದ ಅಕ್ಕಿ ಮೂಟೆಯ ಕೆಳಗೆ ಕೈ ಸಿಕ್ಕಿಸಿಕೊಂಡು "ಅಜ್ಜೀ, ಅಜ್ಜೀ" ಎಂದು ಚೀರಿದಳು. ಬಸವ್ವ ತಿರುಗಿ ನೋಡಲಿಲ್ಲ. ಹಾಲ್‌ನಿಂದ ಜನ ಓಡಿ ಬಂದಾಗಲೂ ಅವಳ ಚಾಕು ನಿಂತಿರಲಿಲ್ಲ.

"ನಾನು ಕಿಚನ್‌ನಲ್ಲಿ ನಮ್ಮಮ್ಮನ ಹತ್ರ ಫೋನಲ್ಲಿ ಪಿಸುಗುಟ್ಟಿದ್ರೆ ಅತ್ತೆ ರೂಮಿಂದಾನೇ ಉತ್ತರ ಕೊಡ್ತಾರೆ. ಮಗು ಕಿರುಚಿದ್ರೆ ಮಾತ್ರ ಕೇಳ್ಸಲ್ವಂತೆ," ಎಂದಳು ಮೈಸೂರು ಕಡೆಯ ಹೆಂಡತಿ ವಿದ್ಯಾವತಿ.

ದಾನಪ್ಪನಿಗೆ ಅಲ್ಲಗಳೆಯಲು ಆಗಲಿಲ್ಲ. ತಾಯಿಯ ಕಿವಿಯ ಮಷಿನ್ ತಂದುಕೊಟ್ಟವನು ಅವನೇ. ಅವನ ಕಂಪನಿ ಮಾಡುವುದೇ ಅದನ್ನು. ತಂದದ್ದು ಅತಿ ದುಬಾರಿಯದು, ಪ್ರೀಮಿಯಂ. ಡಾಲರಿನಲ್ಲಿ ಹೇಳಿದರೆ ತಾಯಿಗೆ ತಿಳಿಯದೆಂದು ಅವಳ ಅಳತೆಯಲ್ಲೇ ಹೇಳಿದ್ದ: "ಯವ್ವಾ, ಇದು ಹತ್ತು ತೊಲಿ ಬಂಗಾರಕ್ಕ ಸಮ. ಜ್ವಾಕಿ." ಬಸವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಿದ್ದಳು. ಮೊದಲ ವರ್ಷ ಎಲ್ಲ ಸರಿಯಿತ್ತು. ಈಗ ಹೀಗೆ.

ಕಂಪನಿಯದೇ ಅಗ್ಗದ ಬೇಸಿಕ್ ಮಷಿನ್ ಆಗಿದ್ದರೆ ಅವನು ನಂಬುತ್ತಿದ್ದ. ಬೇಸಿಕ್‌ನ ಗುಟ್ಟು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎರಡಕ್ಕೂ ಒಂದೇ ಅಚ್ಚು, ಒಂದೇ ಚಿಪ್, ಒಂದೇ ಬಣ್ಣ. ಮೊದಲು ಕೇಳಿಸುತ್ತಿದ್ದುದೂ ಒಂದೇ ತರಹ. ಹಾಗಾದರೆ ದುಬಾರಿಯದನ್ನು ಕೊಳ್ಳುವವರು ಯಾರು ಎಂದು ಮೀಟಿಂಗಿನಲ್ಲಿ ಎಲ್ಲರ ಮುಖ ಬಾಡಿತ್ತು. "ಗಿರಾಕಿ ತನಗೆ ಕೇಳಿಸಿದ್ದಕ್ಕೆ ದುಡ್ಡು ಕೊಡುವುದಿಲ್ಲ. ಪಕ್ಕದವನಿಗೆ ಕೇಳಿಸದಿದ್ದರೆ ಕೊಡುತ್ತಾನೆ," ಎಂದ ಮಾರಾಟದ ಮುಖ್ಯಸ್ಥ. ಉಪಾಯ ಹೇಳಿದವನು ದಾನಪ್ಪ. ಬೇಸಿಕ್‌ಗೆ ಕೆಲವೇ ಸಾಲು ಕೋಡ್ ಸೇರಿಸಿದ. ಸುತ್ತ ಸದ್ದೆದ್ದರೆ ಸಾಕು, ಮನುಷ್ಯರ ಮಾತು ಆ ಸದ್ದಿನಲ್ಲಿ ಕರಗಿಹೋಗಬೇಕು. ಕೇಳಿಸಬಲ್ಲ ಯಂತ್ರವನ್ನು ಬೇಕೆಂದೇ ಕಿವುಡು ಮಾಡುವುದು. ಬಡವನ ಕಿವಿಗೆ ಅರಳೆ ತುರುಕಿ, ತೆಗೆಯಲು ಬೆಲೆ ಕಟ್ಟುವುದು. ಅದಕ್ಕೆ ಕಂಪನಿ ಕೊಟ್ಟ ಗಾಜಿನ ಫಲಕ ಅವನ ಮನೆಯ ಶೋಕೇಸಿನಲ್ಲಿದೆ.

ದೇವಸ್ಥಾನದ ಗೆಳೆಯರಲ್ಲಿ ಬೇಸಿಕ್ ಕೊಂಡವರು ಶೇಷಾದ್ರಿ ಅಂಕಲ್. "ಎರಡೂ ಒಂದೇ ಥರ ಇದೆಯಲ್ಲಪ್ಪ, ವ್ಯತ್ಯಾಸ ಏನು?" ಎಂದು ಕೇಳಿದ್ದರು. "ರೇಟು, ಅಂಕಲ್," ಎಂದು ದಾನಪ್ಪ ನಕ್ಕಿದ್ದ. ಕಳೆದ ಚಳಿಗಾಲ ಅವರು ತೀರಿಕೊಂಡರು. ಹೆಂಡತಿ ರಾಜಲಕ್ಷ್ಮಿ ಆಂಟಿ ಅವರ ಸ್ವೆಟರು, ಊರುಗೋಲು, ಇನ್ನೂ ಏನೇನೋ ಬೇಕಾದವರಿಗೆ ಹಂಚಿಬಿಟ್ಟರು. ಬಸವ್ವನೂ ಏನೋ ಒಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಿದ್ದಳು. ಏನೆಂದು ಕೇಳುವ ಪುರುಸೊತ್ತು ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆಸ್ಪತ್ರೆಯಿಂದ ಮರಳಿದ ಮೇಲೆ ದಾನಪ್ಪ ತಾಯಿಯ ಎದುರು ಕೂತ. ಮನೆ ನಿಶ್ಶಬ್ದವಾಗಿತ್ತು.

"ಯವ್ವಾ, ಖರೆ ಹೇಳು. ಕೂಸು ಒದರಿದ್ದು ಕೇಳಿಸ್ಲಿಲ್ಲೇನು?"

"ಇಲ್ಲಪ್ಪ. ಆ ಫ್ಯಾನಿನ ಗದ್ಲದಾಗ ಏನೂ ಕೇಳ್ಸಲಿಲ್ಲ."

"ಹತ್ತು ತೊಲಿದು ಕೊಟ್ಟೀನಲ್ಲ ನಿನಗ."

"ಕೊಟ್ಟೀಯಪ್ಪ. ಜ್ವಾಕಿ ಐತಿ."

ಅವಳು ಕೈಯ ಬಳೆಗಳನ್ನು ತಿರುಗಿಸುತ್ತಿದ್ದಳು. ಮಿರಿಮಿರಿ ಮಿಂಚುವ ಅಗ್ಗದ ಬಳೆಗಳು. "ಅತ್ತೆ, ಬಂಗಾರದ್ದು ಯಾವಾಗ ಹಾಕ್ಕೋತೀರಿ?" ಎಂದು ವಿದ್ಯಾವತಿ ಎಷ್ಟೋ ಸಲ ಛೇಡಿಸಿದ್ದಳು. "ಮಂದ್ಯಾಗ ತಿರಗಾಕ ಇವು ಸಾಕವ್ವ," ಎನ್ನುತ್ತಿದ್ದಳು ಬಸವ್ವ. ಮದುವೆಯಾದಾಗಿನಿಂದ ಅವಳು ಬಂಗಾರವನ್ನು ಪೆಟ್ಟಿಗೆಯಲ್ಲಿಟ್ಟು ಹಿತ್ತಾಳೆ ತೊಟ್ಟು ತಿರುಗಿದವಳು.

ದಾನಪ್ಪ ಧಾರವಾಡದ ತಂಗಿಗೆ ಫೋನ್ ಮಾಡಿ, ತಾಯಿಗೆ ಟಿಕೆಟ್ ತೆಗೆಸಿಬಿಟ್ಟ. ಮಗುವಿನ ಕೂಗಿಗೆ ಬೆನ್ನು ತಿರುಗಿಸುವವರ ಕೈಗೆ ಮಗುವನ್ನು ಇನ್ನು ಒಪ್ಪಿಸಲಾರ. ಸುದ್ದಿ ಕೇಳಿದ ಬಸವ್ವ ಒಂದೇ ಒಂದು ಮಾತು ಕೇಳಿದಳು.

"ಕೂಸಿನ ಕೈ ಕೂಡೂತನಾ ಇರ್ಲೇನು?"

"ಬ್ಯಾಡ."

ಮತ್ತೆ ಕೇಳಲಿಲ್ಲ. ಹೊರಡುವ ದಿನದವರೆಗೂ ಮೊಮ್ಮಗಳಿಗೆ ತುತ್ತು ಮಾಡಿ ಉಣಿಸಿದಳು, ಜಡೆ ಹೆಣೆದಳು.

ಏರ್‌ಪೋರ್ಟಿನಲ್ಲಿ ಘೋಷಣೆಗಳ ಮೇಲೆ ಘೋಷಣೆ, ಗಾಲಿಗಳ ಗಡಗಡ. ಶ್ರಾವಣಿ ಪಟ್ಟಿ ಕಟ್ಟಿದ ಕೈಯಿಂದಲೇ ಅಜ್ಜಿಯನ್ನು ಅಪ್ಪಿ, "ಹೋಗ್ಬೇಡ ಅಜ್ಜಿ, ಪ್ಲೀಸ್," ಎಂದು ಅತ್ತಳು. ಬಸವ್ವ ಅವಳ ತುಟಿಗಳನ್ನೇ ನೋಡಿದಳು. ಆಮೇಲೆ ಮುಖ ಅರಳಿಸಿ ತಲೆಯಾಡಿಸಿದಳು.

"ಹೂಂ ನನ್ನವ್ವ, ಹೋಗಿ ಬರ್ತೀನಿ."

ಇಲ್ಲೂ ನಾಟಕ ಬಿಡಲಿಲ್ಲವಲ್ಲ ಎಂದುಕೊಂಡ ದಾನಪ್ಪ. ಸೆಕ್ಯುರಿಟಿ ಸಾಲಿನಲ್ಲಿ ಅವಳು ಮರೆಯಾಗುವವರೆಗೂ ಅವನ ಕೈ ಮೇಲೇಳಲಿಲ್ಲ.

ಮನೆಗೆ ಬಂದ ಮೇಲೆ ಶ್ರಾವಣಿ ಒಂದೇ ಕೈಯಲ್ಲಿ ತಗಡಿನ ಪುಟ್ಟ ಪೆಟ್ಟಿಗೆ ಹಿಡಿದು ತಂದಳು. ಮುಂದೆ ಮೊಮ್ಮಗಳ ಮದುವೆಗೆಂದು ಅಜ್ಜಿ ಕೊಟ್ಟಿದ್ದಂತೆ. ಒಳಗೆ ಬಸವ್ವನ ಬಂಗಾರದ ಬಳೆಗಳು. ಅವುಗಳ ಕೆಳಗೆ ಇಳಕಲ್ಲಿನ ಕುಪ್ಪಸದ ಬಟ್ಟೆಯ ಮಡಿಕೆಯಲ್ಲಿ, ಬ್ಯಾಟರಿ ತೆಗೆದು ಒರೆಸಿಟ್ಟ ಕಿವಿಯ ಮಷಿನ್.

"ಅಯ್ಯೋ, ಇದನ್ನ ಮರೆತೇ ಹೋದಳಲ್ಲ," ಎಂದ ದಾನಪ್ಪ.

"ನೋ ಡ್ಯಾಡ್, ಅದು ರಿಯಲ್ ಗೋಲ್ಡ್ ಥರಾನಂತೆ, ಹೊರಗೆ ಹಾಕ್ಕೊಂಡ್ರೆ ಕಳ್ದು ಹೋಗತ್ತಂತೆ," ಎಂದಳು ಶ್ರಾವಣಿ. "ಅಜ್ಜಿ ಕಿವೀಲಿ ಇರೋದು ಶೇಷಾದ್ರಿ ತಾತಂದು."