ಯಾವ ಬಣ್ಣದ ದೀಪ?

ಮಧ್ಯಾಹ್ನ ಮಕ್ಕಳನ್ನು ಮಲಗಿಸುವ ಹೊತ್ತಿಗೆ ಅಂಗನವಾಡಿಯ ಗೋಡೆ ಕುಸಿದು ಚಾವಣಿ ಒಳಕ್ಕೆ ಬಿತ್ತು. ಮಣ್ಣು ತೆಗೆಯುತ್ತಿದ್ದವರಿಗೆ ಅಡಿಯಿಂದ ಕ್ಷೀಣ ದನಿಯೊಂದು ಕೇಳಿಸಿತು.

"ಕಣ್ಣು ಬಿಡಬಾರ್ದು. ಬೀರಾ, ನಿಂಗೆ ಯಾವ ಬಣ್ಣದ ದೀಪ ಕಾಣ್ತಿದೆ?"

"ಹಳದಿ."

"ಸಲ್ಮಾ, ನಿಂಗೆ?"

"ಹಸಿರು... ಈಗ ಹೋಯ್ತು."

"ಗಟ್ಟಿಯಾಗಿ ಮುಚ್ಕೋ, ಮತ್ತೆ ಬರುತ್ತೆ."

ಹೊರಗಿದ್ದ ತಾಯಿಯೊಬ್ಬಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನಮ್ಮ ಆಯಾನೇ. ದಿನಾ ಮಲಗಿಸೋವಾಗ ಹಿಂಗೇ ಕೇಳ್ತಾರೆ. ಅವರಿದ್ದಾರಲ್ಲ, ಮಕ್ಕಳಿಗೆ ಏನೂ ಆಗಲ್ಲ."

ಆ ದನಿಯ ಜಾಡು ಹಿಡಿದೇ ಅಗೆದರು. ಅಷ್ಟರಲ್ಲಿ ಸಂಜೆಯಾಗಿತ್ತು. ಮುರಿದ ತೊಲೆಯ ಕೆಳಗೆ ಮೂವರು ಮಕ್ಕಳ ಮೇಲೆ ಆಯಾ ಕವುಚಿಕೊಂಡಿದ್ದಳು. ಅವಳ ಮೈಯಡಿ ಮೂವರೂ ಕಣ್ಣು ಮುಚ್ಚಿಕೊಂಡೇ ಇದ್ದರು. ಮಕ್ಕಳನ್ನು ಎತ್ತಿಕೊಂಡ ಮೇಲೆ, ಆಂಬುಲೆನ್ಸಿನಲ್ಲಿ ಬಂದಿದ್ದ ನರ್ಸ್ ಆಯಾಳ ಕೈ ಹಿಡಿದು ನೋಡಿದಳು.

"ಮೈ ತಣ್ಣಗಾಗಿದೆ. ಜೀವ ಹೋಗಿ ತುಂಬಾ ಹೊತ್ತಾಯ್ತು."

"ಏನ್ ಮಾತು ಸಿಸ್ಟರ್!" ಅಗೆಯುತ್ತಿದ್ದವರಲ್ಲೊಬ್ಬ ರೇಗಿದ. "ಈಗ ತಾನೇ ಮಾತಾಡ್ತಿದ್ರಲ್ಲ?"

ಮೂವರಲ್ಲಿ ದೊಡ್ಡವಳು, ಆರು ವರ್ಷದ ಹುಡುಗಿ, ಇನ್ನೂ ಕಣ್ಣು ತೆರೆದಿರಲಿಲ್ಲ.

"ಮೆಲ್ಲಗೆ ಮಾತಾಡಿ," ಎಂದಳು. "ಇವತ್ತು ಆಯಾಗೇ ಮೊದ್ಲು ನಿದ್ದೆ ಬಂದ್ಬಿಡ್ತು. ಅದಕ್ಕೇ ಅವರ ಥರ ನಾನು ಕೇಳ್ತಿದ್ದೆ."