ಗಾಳಿ ಬರುವ ಮನೆ

ಅಂತರಘಟ್ಟಮ್ಮ ಸೆಗಣಿ ಮೆತ್ತಿದ ಚಿಂದಿಯನ್ನು ಮತ್ತೆ ಕಿಟಕಿಗೆ ತುರುಕಿದ್ದಳು. ಸೊಸೆ ಸಿದ್ದಲಿಂಗಮ್ಮ ಅದನ್ನು ಕಿತ್ತು ಹಿತ್ತಿಲಿಗೆ ಎಸೆದಳು. ಹೊಸ ಮನೆಗೆ ಬಂದಾಗಿನಿಂದ ಅತ್ತೆ ಸೊಸೆಯರ ಕೆಲಸ ಇದೇ. ಒಬ್ಬಳು ಮುಚ್ಚುವುದು, ಇನ್ನೊಬ್ಬಳು ತೆರೆಯುವುದು.

“ಗಾಳಿ ಬರ್ತೈತೆ ಕಣೇ.”

“ಬರ್ಲಿ ಅಂತಾನೇ ಕಟ್ಸಿರೋದು ಅತ್ತೆ.”

ಇಬ್ಬರ ಬಾಯಲ್ಲೂ ಗಾಳಿಯದೇ ಮಾತು. ಸೊಸೆ ಹೇಳುವ ಗಾಳಿ ಉಸಿರಾಡುವಂಥದ್ದು. ಅತ್ತೆಯದು ಬಾಣಂತಿಯರನ್ನು ಹಿಡಿದು ಕೊಲ್ಲುವಂಥದ್ದು, ಸಂದು ಸಿಕ್ಕರೆ ಸಾಕು ಒಳಗೆ ನುಗ್ಗುವಂಥದ್ದು. ಯುದ್ಧ ಶುರುವಾದ ಆ ವರ್ಷ ಸಂತೇಬೆನ್ನೂರಿನಲ್ಲಿ ಅತ್ತೆಯ ಗಾಳಿಯನ್ನು ನಂಬುವವರೇ ಹೆಚ್ಚಿದ್ದರು.

ನಂಬಲು ಕಾರಣವೂ ಇತ್ತು. ಅಂತರಘಟ್ಟಮ್ಮನ ಮಗ ಪಂಚಾಕ್ಷರಪ್ಪನ ಮೊದಲ ಹೆಂಡತಿ ಸಿದ್ದಲಿಂಗಮ್ಮನ ಅಕ್ಕ ಕಲ್ಲಮ್ಮ. ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಗಂಡನ ಹಳೆಯ ಮನೆಯಲ್ಲೇ ಹೆತ್ತಳು. ಕತ್ತಲ ಕೋಣೆ. ಇದ್ದ ಒಂದು ಬೆಳಕಿಂಡಿಗೂ ಬಟ್ಟೆ ತುರುಕಿ, ಮಂಚದ ಕೆಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟರು. ತಲೆ ಸಿಡೀತೈತೆ, ಬಾಗಿಲು ತೆಗೀರಿ ಎಂದು ಕಲ್ಲಮ್ಮ ಒಳಗಿನಿಂದ ಬೇಡಿಕೊಂಡಳು. ಅತ್ತೆ ಹೊರಗಿನಿಂದ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಬಾಣಂತನಕ್ಕೆಂದು ಬಂದಿದ್ದ ತಂಗಿ ಕಾಲು ಹಿಡಿದರೂ ಏಳಲಿಲ್ಲ. ಬಾಗಿಲು ತೆರೆದಾಗ ತಾಯಿಯೂ ಉಳಿದಿರಲಿಲ್ಲ, ಮಗುವೂ ಉಳಿದಿರಲಿಲ್ಲ. ಸತ್ತವಳ ಮುಖ ಮದುವಣಗಿತ್ತಿಯ ಮುಖದಂತೆ ಕೆಂಪಗಿತ್ತು. ಎಲ್ಲೋ ಒಂದು ಸಂದು ಉಳಿದಿರಬೇಕು, ಗಾಳಿ ಹಿಡಿಯಿತು ಎಂದರು.

ಅಕ್ಕನ ಜಾಗಕ್ಕೆ ತಂಗಿ ಬಂದಳು. ಕಿಟಕಿ ಇರುವ ಮನೆ ಕಟ್ಟಿಸಬೇಕು ಎಂಬುದೊಂದೇ ಅವಳ ಷರತ್ತು.

ಗೋಡೆ ಏಳುತ್ತಿದ್ದಾಗ ಪ್ಲೇಗಿನ ತಪಾಸಣೆಗೆ ಬಂದ ಹೆಲ್ತ್ ಇನ್‌ಸ್ಪೆಕ್ಟರು ಎಲ್ಲವನ್ನೂ ಕೇಳಿಸಿಕೊಂಡು, “ಅವರನ್ನ ಕೊಂದದ್ದು ಗಾಳಿಯಲ್ಲ, ಗಾಳಿ ಇಲ್ಲದ್ದು. ಮುಚ್ಚಿದ ಕೋಣೇಲಿ ಇದ್ದಿಲು ವಿಷ ಕಾರುತ್ತೆ, ಕಣ್ಣಿಗೆ ಕಾಣೋದಿಲ್ಲ. ಎದುರುಬದುರು ಕಿಟಕಿ ಇಡಿಸ್ರಿ,” ಎಂದರು.

ಬಾಗಿಲ ಮರೆಯಿಂದ ಸಿದ್ದಲಿಂಗಮ್ಮ ಕೇಳಿದಳು: “ಎರಡೂ ಕಿಟಕಿ ತೆಗೆದ್ರೆ ಅದು ಎಷ್ಟು ಬೇಗ ಹೋಗ್ತೈತೆ ಸಾಹೇಬ್ರೆ?”

“ಬೆಂಕಿ ಆಚೆಗಿಟ್ರೆ ಸ್ವಲ್ಪ ಹೊತ್ತು ಸಾಕು ತಾಯಿ. ಗುರುತೂ ಉಳಿಯೋದಿಲ್ಲ.”

ನಾಳೆ ತಾನೂ ಬಾಣಂತಿಯಾಗುವವಳು, ಪಾಪ, ಹೆದರಿಕೆ ಎಂದುಕೊಂಡರು ಇನ್‌ಸ್ಪೆಕ್ಟರು.

ಮನೆ ಎದ್ದಿತು. ಒಂದೊಂದು ಕೋಣೆಗೂ ಎರಡೆರಡು ಕಿಟಕಿ. ನೋಡಲು ಬಂದವರು ಹೊಗಳಿದರು, ಹೊರಗೆ ಹೋಗಿ ನಕ್ಕರು. ಸಿದ್ದಲಿಂಗಮ್ಮ ಬಸುರಾದಳು.

ದಿನ ತುಂಬುತ್ತಿದ್ದ ಹೊತ್ತಿಗೆ, ಮಾಗಿಯ ಒಂದು ಬೆಳಗ್ಗೆ, ಅಂತರಘಟ್ಟಮ್ಮ ಏಳಲಿಲ್ಲ. ಮಗ ಹೋಗಿ ನೋಡಿದರೆ ಕೋಣೆಯ ಎರಡು ಕಿಟಕಿಗಳೂ ಹಾರುಹೊಡೆದಿದ್ದವು. ಕೊರೆಯುವ ಗಾಳಿ ಬೀಸುತ್ತಿತ್ತು. ಅವನ ಕೂಗಿಗೆ ಸಿದ್ದಲಿಂಗಮ್ಮ ಹಿತ್ತಿಲಿನಿಂದ ಬೂದಿಗೈಯಲ್ಲೇ ಓಡಿಬಂದಳು.

ಹೆರಿಗೆ ಮಾಡಿಸುವ ನೆರೆಮನೆಯ ಲಕ್ಷ್ಮಕ್ಕ ಹೆಣದ ಮುಖ ನೋಡಿ ಹಿಂದೆ ಸರಿದಳು. “ಕಲ್ಲಮ್ಮನ ಮುಖ ಇದ್ದಂಗೇ ಕೆಂಪಗೈತೆ ನೋಡ್ರಿ. ಅದೇ ಗಾಳಿ. ಕಿಟಕೀಲಿ ಬಂದೈತೆ.”

ಪಂಚಾಕ್ಷರಪ್ಪ ತಲೆ ಚಚ್ಚಿಕೊಂಡು ಅತ್ತ. ಮಣ್ಣು ಮಾಡಿ ಬಂದವನು ಗೌಂಡಿ ಮೂಕಪ್ಪನನ್ನು ಕರೆಸಿದ. ಮನೆಯ ಕಿಟಕಿಗಳಿಗೆಲ್ಲ ಇಟ್ಟಿಗೆ ಬಿತ್ತು. ಈ ಸಲ ಒಂದು ಸಂದನ್ನೂ ಬಿಡದೆ ಮೆತ್ತಿಸಿದ.

ಅತ್ತೆ ಸತ್ತ ಅದೇ ಕೋಣೆಯಲ್ಲಿ ಸಿದ್ದಲಿಂಗಮ್ಮ ಗಂಡುಮಗುವನ್ನು ಹೆತ್ತಳು. ಲಕ್ಷ್ಮಕ್ಕ ಅಗ್ಗಿಷ್ಟಿಕೆಯನ್ನು ಮಂಚದ ಕೆಳಗೆ ತಳ್ಳಿದಳು. ಸಿದ್ದಲಿಂಗಮ್ಮ ಗಂಡನ ಕೈ ಹಿಡಿದುಕೊಂಡಳು.

“ಬ್ಯಾಡ ರೀ. ಇನ್‌ಸ್ಪೆಕ್ಟರ್ ಸಾಹೇಬ್ರು ಹೇಳಿದ್ದು ಮರೆತ್ರಾ?”

“ಅವರ ಮಾತು ಕೇಳೇ ಅವ್ವನ್ನ ಕಳ್ಕೊಂಡೆ. ನಿನ್ನೂ ಮಗೂನೂ ಕಳ್ಕೊಳ್ಳಾಕೆ ನನ್ನಿಂದ ಆಗಲ್ಲ.”

“ಅತ್ತೆ ಗಾಳಿ ಹಿಡಿದು ಸತ್ತಿಲ್ಲ ರೀ.”

“ಮತ್ತೆ ಹೆಂಗೆ ಸತ್ಲು?”

ಸಿದ್ದಲಿಂಗಮ್ಮ ಬಾಯಿ ತೆರೆದಳು. ಮಡಿಲಿನ ಮಗುವನ್ನು ನೋಡಿದಳು. ಗಂಡನ ಮುಖ ನೋಡಿದಳು.

“ಕಿಟಕಿ ತೆರೆದಿದ್ದನ್ನ ನಾನೇ ಕಣ್ಣಾರೆ ನೋಡೀನಿ,” ಎಂದು ಅವನು ಪ್ರೀತಿಯಿಂದಲೇ ಅವಳ ಕೈ ಬಿಡಿಸಿಕೊಂಡ. ಹೊರಗೆ ಬಂದು ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತ.

ಅವನು ನೋಡಿದ್ದು ನಿಜ. ಅದಕ್ಕೆ ಸ್ವಲ್ಪ ಮುಂಚೆ ಅತ್ತೆಯ ಮಂಚದ ಕೆಳಗಿನ ಅಗ್ಗಿಷ್ಟಿಕೆಯನ್ನು ಹಿತ್ತಿಲಿಗೆ ಒಯ್ದು, ಹಿಂದಿನ ರಾತ್ರಿ ತಾನೇ ಮುಚ್ಚಿದ್ದ ಆ ಕಿಟಕಿಗಳನ್ನು ತೆರೆದಿಟ್ಟವಳು ಸಿದ್ದಲಿಂಗಮ್ಮ.